ಎರಡು ಗೆರೆ ಮೂಡುವ ಮುಂಚೆ

ಮದುವೆಯಾಗಿ ಒಂದು ವರ್ಷ ದಾಟಿದರೆ ಸಾಕು, ನಮ್ಮ ಕಡೆ 'ವಿಶೇಷ' ಅನ್ನೋ ಪದಕ್ಕೆ ಒಂದೇ ಅರ್ಥ ಉಳಿಯುತ್ತದೆ. ಗೃಹಪ್ರವೇಶ, ನಾಮಕರಣ, ಊರ ಜಾತ್ರೆ, ಎಲ್ಲಿಗೆ ಹೋದರೂ ಎಲೆ ಮುಂದೆ ಕೂರುವ ಮೊದಲೇ ಯಾರಾದರೊಬ್ಬ ದೊಡ್ಡಮ್ಮ ಕೇಳಿಬಿಡುತ್ತಾರೆ: "ಏನಮ್ಮಾ, ವಿಶೇಷ ಏನೂ ಇಲ್ವಾ?" ಗಮನಿಸಿ, ಪ್ರಶ್ನೆ ಯಾವಾಗಲೂ 'ಏನಮ್ಮಾ'. 'ಏನಪ್ಪಾ' ಅಲ್ಲ. ಅಪ್ಪ ಆಗಬೇಕಾದವನು ಪಕ್ಕದಲ್ಲೇ ನಿಂತು ಮೊಬೈಲ್ ನೋಡುತ್ತಿರುತ್ತಾನೆ.

ಆಫೀಸು, ಅಪ್ರೈಸಲ್, ಇಎಂಐ ಅಂತ ಬರೆಯುವ ಈ ಅಂಕಣದಲ್ಲಿ ಈ ಸಲ ಆ 'ವಿಶೇಷ'ದ ಒಳಗೆ ನಿಜವಾಗಿ ಏನು ನಡೆಯುತ್ತದೆ ಅನ್ನೋದನ್ನು ಬರೆಯುತ್ತೇನೆ. ಎರಡು ಜೀವಕೋಶ ಸೇರಿ ಭ್ರೂಣವಾಗುವ ಮೊದಲ ಕೆಲವು ವಾರಗಳ ಕಥೆ. ಪಿಯುಸಿಯಲ್ಲಿ ಬಯಾಲಜಿ ಬಿಟ್ಟು ಕಂಪ್ಯೂಟರ್ ಸೈನ್ಸ್ ತಗೊಂಡ ನನ್ನಂಥವರಿಗೆ ಈ ಕಥೆ ಎಸ್ಸೆಸ್ಸೆಲ್ಸಿ ಪುಸ್ತಕದ ಒಂದು ಚಿತ್ರದಲ್ಲೇ ಮುಗಿದುಹೋಗಿರುತ್ತದೆ. ಒಂದು ದೊಡ್ಡ ಗೋಲ, ಸುತ್ತ ಬಾಲವಿರುವ ಪುಟ್ಟ ಹುಳುಗಳಂಥವು, ಒಂದು ಬಾಣದ ಗುರುತು, ಮುಂದಿನ ಚಿತ್ರದಲ್ಲಿ ಮಗು. ನಡುವಿನದೆಲ್ಲ 'ಆಮೇಲೆ ಬೆಳೆಯುತ್ತದೆ'. ಅಸಲಿ ವಿಷಯ ಇರೋದು ಆ 'ಆಮೇಲೆ'ಯಲ್ಲಿ.

ಅಂಡಾಣುವಿನಿಂದ ಶುರು ಮಾಡೋಣ. ಮನುಷ್ಯರ ಅಂಡಾಣುವಿನ ಅಗಲ ಸುಮಾರು 0.1 ಮಿಲಿಮೀಟರ್. ಕಣ್ಣು ಚುರುಕಾಗಿದ್ದರೆ ಬರಿಗಣ್ಣಿಗೇ ಒಂದು ಚುಕ್ಕೆಯಂತೆ ಕಾಣುವಷ್ಟು ದೊಡ್ಡದು. ಆದರೆ ಅದರ ಗಾತ್ರಕ್ಕಿಂತ ಅದರ ವಯಸ್ಸು ಮುಖ್ಯ. ಹೆಣ್ಣು ಮಗು ಇನ್ನೂ ಅಮ್ಮನ ಹೊಟ್ಟೆಯಲ್ಲಿ ಐದು ತಿಂಗಳಿನದ್ದಾಗಿರುವಾಗಲೇ ಅದರ ಅಂಡಾಶಯದಲ್ಲಿ 60ರಿಂದ 70 ಲಕ್ಷ ಅಂಡಾಣುಗಳು ಸಿದ್ಧವಾಗಿರುತ್ತವೆ. ಹುಟ್ಟುವ ಹೊತ್ತಿಗೆ 10ರಿಂದ 20 ಲಕ್ಷ ಉಳಿಯುತ್ತವೆ. ಮೈನೆರೆಯುವ ಹೊತ್ತಿಗೆ 3ರಿಂದ 4 ಲಕ್ಷ. ಇಡೀ ಆಯುಷ್ಯದಲ್ಲಿ ಅಂಡಾಶಯದಿಂದ ಹೊರಬರುವುದು ಬರೀ 400ರ ಆಸುಪಾಸು. ಅಂದ್ರೆ ಇವತ್ತು ಈ ಅಂಕಣ ಓದುತ್ತಿರುವ ನೀವು ಯಾವ ಅಂಡಾಣುವಿನಿಂದ ಬಂದಿರೋ, ಅದು ನಿಮ್ಮ ಅಮ್ಮ ನಿಮ್ಮ ಅಜ್ಜಿಯ ಹೊಟ್ಟೆಯಲ್ಲಿದ್ದಾಗಲೇ ತಯಾರಾಗಿತ್ತು.

ತಯಾರಾಗಿತ್ತು ಅಂದೆ, ಪೂರ್ತಿ ಆಗಿರಲಿಲ್ಲ. ನಮ್ಮ ಸಾಮಾನ್ಯ ಜೀವಕೋಶದಲ್ಲಿ 46 ಕ್ರೋಮೋಸೋಮ್ ಇರುತ್ತವೆ. ಅಂಡಾಣು, ವೀರ್ಯಾಣು ಎರಡರಲ್ಲೂ ಅದು ಅರ್ಧ, ಅಂದ್ರೆ 23 ಆಗಬೇಕು. ಸೇರಿದಾಗ ಮತ್ತೆ 46 ಆಗಲಿ ಅಂತ. ಅಂಡಾಣು ಈ ಅರ್ಧ ಮಾಡುವ ಕೆಲಸವನ್ನು ಅಮ್ಮ ಹುಟ್ಟುವ ಮೊದಲೇ ಶುರು ಮಾಡಿ, ಕ್ರೋಮೋಸೋಮ್‌ಗಳನ್ನು ಜೋಡಿ ಜೋಡಿಯಾಗಿ ಹಿಡಿದುಕೊಂಡು, ಅಲ್ಲೇ ನಿಂತುಬಿಡುತ್ತದೆ. ಒಂದು ದಿನ, ಎರಡು ದಿನ ಅಲ್ಲ. ಹದಿನೈದು ವರ್ಷ, ಮೂವತ್ತು ವರ್ಷ, ನಲವತ್ತು ವರ್ಷ. ಆ ತಿಂಗಳು ಅದರ ಸರದಿ ಬಂದಾಗ ಮಾತ್ರ ಕೆಲಸ ಮುಂದುವರಿಯುತ್ತದೆ. ಅಷ್ಟು ವರ್ಷ ಕ್ರೋಮೋಸೋಮ್‌ಗಳನ್ನು ಕಟ್ಟಿ ಹಿಡಿದಿರುವುದು ಕೊಹೆಸಿನ್ ಅನ್ನೋ ಪ್ರೋಟೀನು. ಹಗ್ಗ ಅಂದುಕೊಳ್ಳಿ. ಕಟ್ಟಿದ ಹಗ್ಗ ಹಳೆಯದಾದರೆ ಏನಾಗುತ್ತದೆ ಅಂತ ಹಳ್ಳಿಯಲ್ಲಿ ದನ ಕಟ್ಟಿದವರಿಗೆ ಹೇಳಬೇಕಿಲ್ಲ. ಸಡಿಲವಾದಾಗ ಕ್ರೋಮೋಸೋಮ್‌ಗಳು ಸರಿಯಾಗಿ ಎರಡು ಕಡೆಗೆ ಹೋಗುವುದಿಲ್ಲ. ಒಂದು ಅಂಡಾಣುವಿಗೆ 22 ಬರಬಹುದು, ಇನ್ನೊಂದಕ್ಕೆ 24. ಹೆಂಗಸಿನ ವಯಸ್ಸು 35 ದಾಟಿದ ಮೇಲೆ ಈ ಎಡವಟ್ಟು ಬೇಗ ಬೇಗ ಹೆಚ್ಚುತ್ತದೆ. 21ನೇ ಕ್ರೋಮೋಸೋಮ್ ಒಂದು ಹೆಚ್ಚಿಗೆ ಬಂದರೆ ಡೌನ್ ಸಿಂಡ್ರೋಮ್. ಬೇರೆ ಬಹುತೇಕ ಕ್ರೋಮೋಸೋಮ್‌ಗಳಲ್ಲಿ ಹೀಗಾದರೆ ಭ್ರೂಣ ಹುಟ್ಟುವವರೆಗೂ ಬರುವುದೇ ಇಲ್ಲ.

ವೀರ್ಯಾಣುವಿನ ಲೆಕ್ಕವೇ ಬೇರೆ. ಅದು ಫ್ರೆಶ್ ಸ್ಟಾಕ್. ಶುರುವಿನಿಂದ ಕೊನೆಯವರೆಗೆ ಒಂದು ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು, ದಿನಕ್ಕೆ ಕೋಟಿಗಟ್ಟಲೆ ತಯಾರಾಗುತ್ತವೆ. ಹಾಗಂತ ಗಂಡಸರು ಮೀಸೆ ತಿರುವಬೇಕಿಲ್ಲ. ಅಷ್ಟು ಸಲ ಕಾಪಿ ಮಾಡುತ್ತಾ ಹೋದರೆ ಅಕ್ಷರ ತಪ್ಪುಗಳು ಸೇರುತ್ತಲೇ ಹೋಗುತ್ತವೆ. 2012ರಲ್ಲಿ ಐಸ್‌ಲ್ಯಾಂಡಿನ ಕುಟುಂಬಗಳ ಡಿಎನ್‌ಎ ಓದಿದ ಅಧ್ಯಯನದ ಪ್ರಕಾರ ಅಪ್ಪನ ವಯಸ್ಸಿಗೆ ಒಂದೊಂದು ವರ್ಷ ಸೇರಿದಂತೆ ಮಗುವಿನಲ್ಲಿ ಸುಮಾರು ಎರಡು ಹೊಸ ಬದಲಾವಣೆ ಹೆಚ್ಚಾಗುತ್ತವೆ. ಬಹುಪಾಲು ನಿರುಪದ್ರವಿ, ನಿಜ. ಆದರೆ 'ಗಂಡಸಿಗೇನು ವಯಸ್ಸು' ಅನ್ನೋ ಮಾತು ವಿಜ್ಞಾನದ ಮಾತಂತೂ ಅಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಿನ ಕಡೆಯ ಕಾರಣವೂ ಸೇರಿರುತ್ತದೆ. 'ಏನಪ್ಪಾ' ಅಂತಲೂ ಕೇಳಬೇಕು ಅಂದಿದ್ದು ಅದಕ್ಕೇ.

ಇನ್ನು ಇವೆರಡೂ ಸೇರುವ ಗಳಿಗೆ. ನಮ್ಮ ಮೋಟಿವೇಷನಲ್ ಸ್ಪೀಕರ್‌ಗಳಿಗೆ ಇದೊಂದು ಅಚ್ಚುಮೆಚ್ಚಿನ ಕಥೆ: 'ಕೋಟಿ ಜನರ ಓಟದಲ್ಲಿ ಗೆದ್ದು ಬಂದವನು ನೀನು!' ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಮೊದಲನೆಯದಾಗಿ 'ನೀನು' ಅರ್ಧ ಮಾತ್ರ ಆ ವೀರ್ಯಾಣು, ಇನ್ನರ್ಧ ಸುಮ್ಮನೆ ಕಾಯುತ್ತಿತ್ತಾ? ಎರಡನೆಯದಾಗಿ, ಅದು ಓಟವೇ ಅಲ್ಲ. ಗರ್ಭಕೋಶದ ಸ್ನಾಯುಗಳ ಅಲುಗಾಟವೇ ವೀರ್ಯಾಣುಗಳನ್ನು ಸಾಕಷ್ಟು ದೂರ ಸಾಗಿಸುತ್ತದೆ. ಹೆಣ್ಣಿನ ದೇಹದೊಳಗೆ ಕೆಲವು ಗಂಟೆ ಕಳೆದು ಹದಗೊಳ್ಳುವವರೆಗೆ ಅವಕ್ಕೆ ಅಂಡಾಣುವಿನೊಳಗೆ ಹೋಗುವ ಯೋಗ್ಯತೆಯೇ ಬಂದಿರುವುದಿಲ್ಲ. ಬೇಗ ತಲುಪಿದವನು ಗೆಲ್ಲುತ್ತಾನೆ ಅನ್ನೋದು ಐಪಿಎಲ್ ಬುದ್ಧಿ.

ಈ ಸೇರುವಿಕೆಯನ್ನು ಸ್ಪಷ್ಟವಾಗಿ ಮೊದಲು ನೋಡಿದ್ದು ಮನುಷ್ಯರಲ್ಲಲ್ಲ, ಸೀ ಅರ್ಚಿನ್ ಅನ್ನೋ ಮುಳ್ಳುಚೆಂಡಿನಂಥ ಸಮುದ್ರಜೀವಿಯಲ್ಲಿ. 1876ರಲ್ಲಿ ಜರ್ಮನಿಯ ಆಸ್ಕರ್ ಹರ್ಟ್‌ವಿಗ್ ಅದರ ಮೊಟ್ಟೆಯೊಳಗೆ ವೀರ್ಯಾಣುವಿನ ಕೇಂದ್ರವೂ ಮೊಟ್ಟೆಯ ಕೇಂದ್ರವೂ ಒಂದಾಗುವುದನ್ನು ಮೈಕ್ರೋಸ್ಕೋಪಿನಲ್ಲಿ ಕಂಡ. ಸೀ ಅರ್ಚಿನ್ ಮೊಟ್ಟೆಗಳು ಪಾರದರ್ಶಕ, ಸಮುದ್ರದ ನೀರಲ್ಲೇ ಎಲ್ಲ ನಡೆಯುತ್ತದೆ, ಹಾಗಾಗಿ ನೋಡಲು ಸುಲಭ. ಆ ಮೊಟ್ಟೆಯ ಮೊದಲ ಕೆಲಸವೇ ಬಾಗಿಲು ಹಾಕುವುದು. ಒಂದು ವೀರ್ಯಾಣು ತಾಗಿದ ಒಂದೆರಡು ಸೆಕೆಂಡಿನಲ್ಲಿ ಪೊರೆಯ ವಿದ್ಯುತ್ ಬದಲಾಗಿ ಉಳಿದವು ಅಂಟದಂತಾಗುತ್ತದೆ. ಸುಮಾರು ಒಂದು ನಿಮಿಷದಲ್ಲಿ ಮೊಟ್ಟೆಯ ಸುತ್ತ ಗಟ್ಟಿ ಹೊದಿಕೆಯೇ ಎದ್ದು ನಿಲ್ಲುತ್ತದೆ. ನಮ್ಮಲ್ಲಿ ಆ ವಿದ್ಯುತ್ ಬಾಗಿಲು ಕಾಣುವುದಿಲ್ಲ. ಆದರೆ ಕ್ಯಾಲ್ಸಿಯಂ ಅಲೆ ಅಂಡಾಣುವಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿದು, ಹೊರಗಿನ ಕವಚವನ್ನು ಗಡುಸು ಮಾಡುತ್ತದೆ. ಎರಡು ವೀರ್ಯಾಣು ಒಳಗೆ ಹೋದರೆ 46ರ ಬದಲು 69. ಅಲ್ಲಿಗೆ ಕಥೆ ಮುಗಿಯಿತು. ಅದಕ್ಕೇ ಇಷ್ಟು ಅವಸರ.

ಒಳಗೆ ಬಂದ ವೀರ್ಯಾಣು ತಂದಿದ್ದೇನು? 23 ಕ್ರೋಮೋಸೋಮ್, ಮತ್ತು ಜೀವಕೋಶ ಎರಡಾಗಿ ಒಡೆಯುವಾಗ ಬೇಕಾಗುವ ಸೆಂಟ್ರಿಯೋಲ್ ಅನ್ನೋ ಒಂದು ಚಿಕ್ಕ ಉಪಕರಣ. ಹೆಚ್ಚುಕಡಿಮೆ ಅಷ್ಟೇ. ಉಳಿದ ಮನೆ ಸಾಮಾನೆಲ್ಲ ಅಮ್ಮನದು: ಶಕ್ತಿ ಕೊಡುವ ಮೈಟೋಕಾಂಡ್ರಿಯಾ, ಸಾವಿರಾರು ಬಗೆಯ ಪ್ರೋಟೀನು, ಮುಂದೆ ಯಾವ ಪ್ರೋಟೀನು ಮಾಡಬೇಕು ಅನ್ನೋ ಆರ್‌ಎನ್‌ಎ ಚೀಟಿಗಳು. ಮಗಳನ್ನು ದೂರದ ಊರಿಗೆ ಕಳಿಸುವಾಗ ಕಟ್ಟಿಕೊಡುವ ಬುತ್ತಿ ಇದ್ದ ಹಾಗೆ. ಆ ಬುತ್ತಿ ಕಟ್ಟಿ ಮುಗಿದ ಮೇಲೆಯೇ ಅಂಡಾಣು ಅಂಡಾಶಯದಿಂದ ಹೊರಡುವುದು.

ಆಮೇಲಿನ ಮೂರು ದಿನ ಭ್ರೂಣ ಒಡೆಯುತ್ತದೆ, ಬೆಳೆಯುವುದಿಲ್ಲ. ಇದು ಅನೇಕರಿಗೆ ಗೊತ್ತಿಲ್ಲ. ಮೊದಲ ದಿನ ಒಂದು, ಒಂದು ದಿನ ಕಳೆದ ಮೇಲೆ ಎರಡು, ಎರಡನೇ ದಿನ ನಾಲ್ಕು, ಮೂರನೇ ದಿನ ಎಂಟು. ಆದರೆ ಒಟ್ಟು ಗಾತ್ರ ಅಷ್ಟೇ. ತಟ್ಟೆಯಲ್ಲಿ ಹರಡಿದ ಮೈಸೂರ್ ಪಾಕನ್ನು ಎರಡು ಮಾಡಿ, ನಾಲ್ಕು ಮಾಡಿ, ಎಂಟು ಮಾಡಿ ಕತ್ತರಿಸಿದ ಹಾಗೆ. ತುಂಡು ಹೆಚ್ಚಾಗುತ್ತವೆ, ಪಾಕ ಹೆಚ್ಚಾಗುವುದಿಲ್ಲ. ಇನ್ನೂ ಸೋಜಿಗದ ವಿಷಯ ಅಂದ್ರೆ, ಇಷ್ಟೂ ಹೊತ್ತು ಭ್ರೂಣದ ಸ್ವಂತ ಡಿಎನ್‌ಎ ಬಹುಮಟ್ಟಿಗೆ ಮೌನವಾಗಿರುತ್ತದೆ. ಅಪ್ಪನಿಂದ ಏನು ಬಂತು, ಅಮ್ಮನಿಂದ ಏನು ಬಂತು, ಅದಕ್ಕೆಲ್ಲ ಇನ್ನೂ ಕೆಲಸವಿಲ್ಲ. ಎಲ್ಲ ನಡೆಯುತ್ತಿರುವುದು ಅಮ್ಮನ ಬುತ್ತಿಯ ಮೇಲೆ.

ಬುತ್ತಿ ಎಲ್ಲಿಯವರೆಗೆ ಬರುತ್ತದೆ ಅನ್ನೋದು ಪ್ರಾಣಿಯಿಂದ ಪ್ರಾಣಿಗೆ ಬೇರೆ. ಇಲಿಗೆ ಎರಡು ಕೋಶ ಆಗುವಷ್ಟರಲ್ಲೇ ಖಾಲಿ, ಸ್ವಂತ ಜೀನ್‌ಗಳು ಎದ್ದು ಕೂರುತ್ತವೆ. ಪ್ರಯೋಗಾಲಯಗಳಲ್ಲಿ ಬಳಸುವ ಜೆನೋಪಸ್ ಕಪ್ಪೆಯಲ್ಲಿ ಹನ್ನೆರಡು ಸಲ ಒಡೆದು ಸುಮಾರು 4,000 ಕೋಶ ಆಗುವವರೆಗೂ ಅಮ್ಮನದ್ದೇ ನಡೆಯುತ್ತದೆ. ನಮ್ಮಲ್ಲಿ ನಾಲ್ಕರಿಂದ ಎಂಟು ಕೋಶಗಳ ನಡುವೆ. ಇದು ಗೊತ್ತಾಗಿದ್ದು 1988ರಲ್ಲಿ. ಇಂಗ್ಲೆಂಡಿನ ವಿಜ್ಞಾನಿಗಳು ಮನುಷ್ಯ ಭ್ರೂಣಗಳಲ್ಲಿ ಹೊಸ ಆರ್‌ಎನ್‌ಎ ತಯಾರಾಗದಂತೆ ಔಷಧಿಯಿಂದ ತಡೆದು ನೋಡಿದರು. ಏನೂ ಆಗಿಲ್ಲವೆಂಬಂತೆ ಎರಡಾಯಿತು, ನಾಲ್ಕಾಯಿತು. ಅದಾದ ಮೇಲೆ ಮುಂದೆ ಹೋಗಲಿಲ್ಲ.

ಈ ಮೊದಲ ದಿನಗಳು ಮನುಷ್ಯರಲ್ಲಿ ಗರ್ಭನಾಳದ ಕತ್ತಲೆಯಲ್ಲಿ ನಡೆಯುವಂಥವು. ಕಣ್ಣಾರೆ ನೋಡಲು ಸಾಧ್ಯವಾಗಿದ್ದು ಐವಿಎಫ್‌ನಿಂದ. ರಾಬರ್ಟ್ ಎಡ್ವರ್ಡ್ಸ್ ಮತ್ತು ಸಂಗಡಿಗರು 1969ರಲ್ಲಿ ಗಾಜಿನ ತಟ್ಟೆಯಲ್ಲಿ ಮನುಷ್ಯರ ಅಂಡಾಣುವನ್ನು ಫಲಿತಗೊಳಿಸಿದರು. ಒಂಬತ್ತು ವರ್ಷದ ನಂತರ, 1978ರ ಜುಲೈ 25ರಂದು ಲೂಯಿಸ್ ಬ್ರೌನ್ ಹುಟ್ಟಿದಳು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖರ್ಜಿ ಅವರ ಪ್ರಯತ್ನದಿಂದ ಇನ್ನೊಂದು ಹೆಣ್ಣು ಮಗು ಹುಟ್ಟಿತು. ಭ್ರೂಣವನ್ನು ಫ್ರೀಜ್ ಮಾಡಿಟ್ಟು ಆಮೇಲೆ ಗರ್ಭಕ್ಕೆ ಸೇರಿಸುವ, ಈಗ ಎಲ್ಲೆಡೆ ಬಳಕೆಯಲ್ಲಿರುವ ದಾರಿಯನ್ನು ಅವರು ಆಗಲೇ ಹಿಡಿದಿದ್ದರು. ಸರ್ಕಾರ ನೇಮಿಸಿದ ಸಮಿತಿ ನಂಬಲಿಲ್ಲ. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. 1986ರಲ್ಲಿ ಮುಂಬೈಯಲ್ಲಿ ಇಂದಿರಾ ಹಿಂದೂಜಾ ಅವರ ಜೊತೆ ಸೇರಿ 'ದೇಶದ ಮೊದಲ' ಪ್ರನಾಳ ಶಿಶುವಿನ ಹಿರಿಮೆ ಪಡೆದಿದ್ದ ಟಿ.ಸಿ. ಆನಂದ ಕುಮಾರ್ ಅವರೇ ಮುಂದೆ ಮುಖರ್ಜಿಯವರ ಟಿಪ್ಪಣಿಗಳನ್ನು ಓದಿ, ಮೊದಲಿಗ ನಾನಲ್ಲ ಅವರು ಅಂತ 1997ರಲ್ಲಿ ಸಾರಿ ಹೇಳಿದರು. ಆನಂದ ಕುಮಾರ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. ತನ್ನ ಹೆಸರಿನ ಮುಂದಿದ್ದ 'ಮೊದಲ' ಅನ್ನೋ ಪದವನ್ನು ತಾನೇ ತೆಗೆದುಕೊಟ್ಟವರು ನನಗೆ ಗೊತ್ತಿರುವಂತೆ ಕಡಿಮೆ.

ಈಗ ನಮ್ಮ ಮನೆಯ ವಿಷಯ. ನಾನೂ ನನ್ನ ಹೆಂಡತಿಯೂ ಕಳೆದ ವರ್ಷ ಈ ದಾರಿಯಲ್ಲೇ ನಡೆದೆವು. ಅಂಡಾಣು ತೆಗೆದ ದಿನದಿಂದ ಲ್ಯಾಬಿನವರು ಫೋನ್ ಮಾಡಿ ನಂಬರ್ ಹೇಳುತ್ತಿದ್ದರು. 11 ಸಿಕ್ಕಿವೆ. ಅದರಲ್ಲಿ 8 ಬಲಿತಿವೆ. ಮರುದಿನ: 6 ಫಲಿತವಾಗಿವೆ. ಮೂರನೇ ದಿನ: ಆರೂ ಚೆನ್ನಾಗಿವೆ. ಆವತ್ತು ಮನೆಯಲ್ಲಿ ಶಾವಿಗೆ ಪಾಯಸ. ಐದನೇ ದಿನ ಸಂಜೆ ಫೋನ್ ಬಂದಾಗ ನಾನು ಸ್ಟ್ಯಾಂಡಪ್ ಕಾಲ್‌ನಲ್ಲಿದ್ದೆ, ಅವಳೇ ಎತ್ತಿದಳು. 2. ಉಳಿದ ನಾಲ್ಕು ನಿಂತುಹೋಗಿವೆ.

ಅವಳು ಅಳಲಿಲ್ಲ. ಪಟ್ಟಿ ಮಾಡಲು ಶುರು ಮಾಡಿದಳು. "ರಾತ್ರಿ ರಿಲೀಸ್ ಕಾಲ್‌ಗೆ ಕೂರಬಾರದಿತ್ತು ಅಲ್ವಾ? ಕಾಫಿ ಬಿಡು ಅಂದಿದ್ರು ಅಮ್ಮ. ಸ್ಕೂಟಿಯಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಬಂದೆ ಅವತ್ತು, ಆ ಗುಂಡಿಗಳು..." ಆ ನಾಲ್ಕು ಭ್ರೂಣ ಆ ಐದು ದಿನ ಅವಳ ದೇಹದಲ್ಲೇ ಇರಲಿಲ್ಲ. ಊರಿನ ಇನ್ನೊಂದು ಮೂಲೆಯಲ್ಲಿ, 37 ಡಿಗ್ರಿಯ ಇನ್‌ಕ್ಯುಬೇಟರ್‌ನಲ್ಲಿದ್ದವು. ಆದರೂ ಮನಸ್ಸು ಹುಡುಕಿದ್ದು ಸ್ಕೂಟಿಯನ್ನ, ಕಾಫಿಯನ್ನ. ಸಮಾಧಾನ ಹೇಳೋದರಲ್ಲಿ ನಾನು ಅಷ್ಟು ಗಟ್ಟಿಗನಲ್ಲ. ಮೂರಕ್ಕೂ ಐದಕ್ಕೂ ನಡುವೆ ಏನಾಗುತ್ತದೆ ಅಂತ ಓದುತ್ತಾ ಕೂತೆ. ಓದಿದ್ದನ್ನು ಅವಳಿಗೆ ಹೇಳಿದೆ.

ಏನಾಗುತ್ತದೆ ಅಂದ್ರೆ ಬುತ್ತಿ ಮುಗಿಯುತ್ತದೆ. ಮೂರನೇ ದಿನದವರೆಗೆ ಎಲ್ಲ ಭ್ರೂಣವೂ ಚೆನ್ನಾಗೇ ಕಾಣುತ್ತದೆ, ಯಾಕಂದ್ರೆ ಅದುವರೆಗೆ ಓಡುತ್ತಿರುವುದು ಅಂಡಾಣುವಿನ ಸರಕಿನ ಮೇಲೆ. ಸ್ವಂತ ಕ್ರೋಮೋಸೋಮ್‌ಗಳ ಲೆಕ್ಕ ತಪ್ಪಿದ್ದರೂ ಹೊರಗೆ ಗೊತ್ತಾಗುವುದಿಲ್ಲ. ಎಂಟು ಕೋಶದ ಹೊತ್ತಿಗೆ ತನ್ನ ಜೀನ್‌ಗಳ ಮೇಲೆ ತಾನೇ ನಿಲ್ಲಬೇಕಾಗುತ್ತದೆ. ಅಲ್ಲಿ ನಿಲ್ಲಲಾರದವು ನಿಲ್ಲುತ್ತವೆ. ಲ್ಯಾಬ್‌ಗಳಲ್ಲಿ ಫಲಿತವಾದ ಅಂಡಾಣುಗಳಲ್ಲಿ ಐದನೇ ಅಥವಾ ಆರನೇ ದಿನದ ಹಂತ ಮುಟ್ಟುವುದು ಸರಿಸುಮಾರು ಅರ್ಧ. ಕೆಲವರಿಗೆ ಹೆಚ್ಚು, ಕೆಲವರಿಗೆ ಕಡಿಮೆ. ಹಿಂದೆ ಸರಿದ ಅನೇಕ ಭ್ರೂಣಗಳಲ್ಲಿ ಕ್ರೋಮೋಸೋಮ್ ಲೆಕ್ಕ ಏರುಪೇರಾಗಿರುತ್ತದೆ, ಮತ್ತು ಆ ಏರುಪೇರು ಬಹಳ ಸಲ ಆಗಿರುವುದು ಅಂಡಾಣು ತನ್ನ ಹಳೆಯ ಹಗ್ಗ ಬಿಚ್ಚುವಾಗ, ಅಥವಾ ಮೊದಲ ಒಂದೆರಡು ಒಡೆಯುವಿಕೆಯಲ್ಲಿ. ಕಾಫಿ, ಸ್ಕೂಟಿ, ಪಪ್ಪಾಯ ಯಾವುದೂ ಅಲ್ಲಿಗೆ ತಲುಪುವುದಿಲ್ಲ.

ಇದು ಲ್ಯಾಬಿನ ಭ್ರೂಣಗಳಿಗೆ ಮಾತ್ರ ಆಗುವುದಲ್ಲ. 1988ರಲ್ಲಿ ಅಮೆರಿಕದಲ್ಲಿ ಅಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಮಗು ಬೇಕೆಂದಿದ್ದ, ಯಾವ ಸಮಸ್ಯೆಯೂ ಗೊತ್ತಿಲ್ಲದ 221 ಮಹಿಳೆಯರ ಮೂತ್ರವನ್ನು ದಿನವೂ ಪರೀಕ್ಷೆ ಮಾಡಿದರು. 198 ಗರ್ಭಧಾರಣೆ ಸಿಕ್ಕವು. ಅದರಲ್ಲಿ 43, ಅಂದ್ರೆ ಶೇ. 22ರಷ್ಟು, ಆ ಹೆಂಗಸಿಗೆ ತಾನು ಬಸುರಿ ಅಂತ ಗೊತ್ತಾಗುವ ಮೊದಲೇ ಮುಗಿದುಹೋಗಿದ್ದವು. ಮುಟ್ಟು ಒಂದೆರಡು ದಿನ ತಡವಾಗಿ ಬಂತು ಅಷ್ಟೇ. ಗೊತ್ತಾದ ಮೇಲೆ ಹೋದವನ್ನೂ ಸೇರಿಸಿದರೆ ಶೇ. 31. ಗರ್ಭಕೋಶದ ಗೋಡೆಗೆ ಅಂಟುವ ಮೊದಲೇ ನಿಂತುಹೋದವು ಈ ಲೆಕ್ಕಕ್ಕೆ ಬಂದೇ ಇಲ್ಲ, ಯಾಕಂದ್ರೆ ಆ ಪರೀಕ್ಷೆಗೆ ಅವು ಸಿಗುವುದಿಲ್ಲ. ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಅರ್ಧ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಕ್ರೋಮೋಸೋಮ್ ಏರುಪೇರಿನಿಂದಲೇ ಆಗುವಂಥವು. ನಮ್ಮಲ್ಲಿ ಎಷ್ಟು ಸೊಸೆಯರು 'ಭಾರ ಎತ್ತಿದೆ', 'ಮೆಟ್ಟಿಲು ಹತ್ತಿದೆ' ಅಂತ ವರ್ಷಗಟ್ಟಲೆ ಮಾತು ಕೇಳಿಸಿಕೊಂಡಿದ್ದಾರೋ! ಅಮ್ಮನ ಕಾಲದಲ್ಲಿ ಇದು ಗೊತ್ತಿರಲಿಲ್ಲ ಅನ್ನಬಹುದು. ನಮಗೆ ಆ ನೆಪ ಇಲ್ಲ.

ನನ್ನ ವೃತ್ತಿಯವರಿಗೆ ಇನ್ನೊಂದು ಅಭ್ಯಾಸ. 'ಡಿಎನ್‌ಎ ಅಂದ್ರೆ ಸೋರ್ಸ್ ಕೋಡ್ ಕಣ್ರೀ, ರನ್ ಮಾಡಿದ್ರೆ ಮಗು ಬರುತ್ತೆ' ಅಂತ ಟೀ ಬ್ರೇಕಿನಲ್ಲಿ ಹೇಳಿಬಿಡುತ್ತಾರೆ. ಚಂದದ ಮಾತು, ಆದರೆ ಇದನ್ನು 130 ವರ್ಷಗಳ ಹಿಂದೆಯೇ ಒಂದು ಪ್ರಯೋಗ ಅಲುಗಾಡಿಸಿತ್ತು. 1888ರಲ್ಲಿ ವಿಲ್‌ಹೆಲ್ಮ್ ರೂ ಅನ್ನೋ ಜರ್ಮನ್ ವಿಜ್ಞಾನಿ ಎರಡು ಕೋಶದ ಹಂತದಲ್ಲಿದ್ದ ಕಪ್ಪೆಯ ಭ್ರೂಣ ತಗೊಂಡು, ಕಾದ ಸೂಜಿಯಿಂದ ಒಂದು ಕೋಶವನ್ನು ಚುಚ್ಚಿ ಕೊಂದ. ಉಳಿದದ್ದು ಅರ್ಧ ಭ್ರೂಣವಾಗಿ ಬೆಳೆಯಿತು. ಅವನಿಗೆ ಖುಷಿ: ನೋಡಿ, ಮೊದಲ ಒಡೆಯುವಿಕೆಯಲ್ಲೇ ಬಲಗಡೆ-ಎಡಗಡೆ ಭಾಗ ಹಂಚಿಕೆಯಾಗಿದೆ, ಯಂತ್ರದ ಹಾಗೆ. ಮೂರು ವರ್ಷ ಕಳೆದು ಹಾನ್ಸ್ ಡ್ರೀಶ್ ಸೀ ಅರ್ಚಿನ್ ಭ್ರೂಣದಲ್ಲಿ ಬೇರೆ ರೀತಿ ಮಾಡಿದ. ಚುಚ್ಚಲಿಲ್ಲ, ಎರಡು ಕೋಶದ ಭ್ರೂಣಗಳಿದ್ದ ಸೀಸೆಯನ್ನು ಜೋರಾಗಿ ಕುಲುಕಿ ಅವನ್ನು ಬೇರೆ ಬೇರೆ ಮಾಡಿದ. ಮರುದಿನ ನೋಡಿದರೆ ಅರ್ಧ ಮರಿಗಳಿಲ್ಲ. ಒಂದೊಂದು ಕೋಶವೂ ಚಿಕ್ಕದಾದರೂ ಪೂರ್ತಿ ಮರಿಯಾಗುವ ಹಾದಿಯಲ್ಲಿತ್ತು.

ರೂ ಅವನ ಪ್ರಯೋಗದಲ್ಲಿ ಸತ್ತ ಕೋಶ ಪಕ್ಕಕ್ಕೇ ಅಂಟಿಕೊಂಡಿತ್ತು. ಬದುಕಿದ ಕೋಶಕ್ಕೆ 'ಪಕ್ಕದಲ್ಲಿ ಇನ್ನೊಬ್ಬ ಇದ್ದಾನೆ' ಅಂತಲೇ ತಿಳಿದಿತ್ತು, ಹಾಗಾಗಿ ತನ್ನ ಪಾಲಿನ ಅರ್ಧ ಮಾತ್ರ ಮಾಡಿತು. 1910ರಲ್ಲಿ ಸತ್ತದ್ದನ್ನು ಬಿಡದೆ ಒಂದು ಕೋಶವನ್ನು ಪೂರ್ತಿ ತೆಗೆದುಹಾಕಿ ನೋಡಿದಾಗ ಕಪ್ಪೆಯಲ್ಲೂ ಉಳಿದ ಕೋಶ ಇಡೀ ಭ್ರೂಣವಾಯಿತು. ಪಾಪ ಡ್ರೀಶ್ ಮಾತ್ರ ತನ್ನ ಫಲಿತಾಂಶಕ್ಕೆ ತಾನೇ ಬೆಚ್ಚಿಬಿದ್ದ. ಅರ್ಧ ಕತ್ತರಿಸಿದರೆ ಎರಡು ಪೂರ್ತಿಯಾಗುವ ಯಂತ್ರ ಇರಲು ಸಾಧ್ಯವೇ ಇಲ್ಲ, ಇದರೊಳಗೆ ಯಾವುದೋ ಜೀವಶಕ್ತಿ ಇರಬೇಕು ಅಂತ ತೀರ್ಮಾನಿಸಿ, ಪ್ರಯೋಗಾಲಯ ಬಿಟ್ಟು ತತ್ವಶಾಸ್ತ್ರದ ಪ್ರೊಫೆಸರ್ ಆಗಿಬಿಟ್ಟ. ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ ನೋಡಿದ್ದರೆ ಬಹುಶಃ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಇಲ್ಲಿ ಮ್ಯಾನೇಜರ್ ಇಲ್ಲ, ಗೋಡೆಗೆ ಅಂಟಿಸಿದ ಪ್ಲಾನ್ ಇಲ್ಲ. ಒಂದೊಂದು ಕೋಶವೂ ಅಕ್ಕಪಕ್ಕದವರನ್ನು ಮುಟ್ಟಿ ನೋಡಿ, ತಾನು ಎಲ್ಲಿದ್ದೇನೆ ಅಂತ ತಿಳಿದು, ಏನಾಗಬೇಕು ಅಂತ ನಿರ್ಧರಿಸುತ್ತದೆ. ಒಂದೇ ತರಹದ ಅವಳಿಗಳು ಹುಟ್ಟುವುದೂ ಇದರಿಂದಲೇ. ಒಂದು ಭ್ರೂಣ ಎರಡಾದರೆ ಎರಡೂ ಪೂರ್ತಿ. ಸಾವಿರ ಹೆರಿಗೆಗೆ ಮೂರೋ ನಾಲ್ಕೋ ಸಲ ಹೀಗಾಗುತ್ತದೆ.

ಇದೇ ತರ್ಕ ನಮ್ಮ ಭ್ರೂಣದಲ್ಲಿ ನಾಲ್ಕನೇ ದಿನ ಕೆಲಸಕ್ಕೆ ಬರುತ್ತದೆ. ಆಗ ಅದು ಹದಿನಾರರಿಂದ ಮೂವತ್ತೆರಡು ಕೋಶಗಳ ಉಂಡೆ. ಹೆಸರು ಮೊರುಲಾ, ಲ್ಯಾಟಿನ್ನಿನ ಹಿಪ್ಪುನೇರಳೆ ಹಣ್ಣಿನಿಂದ ಬಂದದ್ದು. ರಾಮನಗರ, ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವ ಮನೆಯವರಿಗೆ ಚಿತ್ರ ತೋರಿಸಿದರೆ ಅವರೂ ಅದೇ ಹೆಸರು ಇಡುತ್ತಿದ್ದರು, ಅಷ್ಟು ಹೋಲುತ್ತದೆ. ಈ ಉಂಡೆಯಲ್ಲಿ ಕೆಲವು ಕೋಶ ಹೊರಗಿವೆ, ಕೆಲವು ಒಳಗೆ ಸಿಕ್ಕಿಕೊಂಡಿವೆ. ಹೊರಗಿದ್ದವಕ್ಕೆ ಒಂದು ಪಕ್ಕ ನೆಂಟರಿಲ್ಲ, ಬಯಲು. ಒಳಗಿದ್ದವಕ್ಕೆ ಸುತ್ತಲೂ ನೆಂಟರು. ಇಷ್ಟೇ ವ್ಯತ್ಯಾಸ ಸಾಕು. ಹೊರಗಿನವು ಮುಂದೆ ಮಾಸು ಆಗುವ ದಾರಿ ಹಿಡಿಯುತ್ತವೆ, ಒಳಗಿನವು ಮಗುವಾಗುವ ದಾರಿ. ಐದನೇ ದಿನ ನಡುವೆ ನೀರು ತುಂಬಿ ಪುಟ್ಟ ಬಲೂನಿನಂತಾಗುತ್ತದೆ, ಅದೇ ಬ್ಲಾಸ್ಟೊಸಿಸ್ಟ್. ನಮಗೆ ಫೋನಿನಲ್ಲಿ '2' ಅಂದದ್ದು ಇವನ್ನೇ. ಆ ಬಲೂನಿನ ಹೊರಪದರದಿಂದ ಐದಾರು ಕೋಶ ತೆಗೆದು ಕ್ರೋಮೋಸೋಮ್ ಪರೀಕ್ಷೆ ಮಾಡಲು ಆಗುವುದೂ ಅದಕ್ಕೇ; ತೆಗೆದದ್ದರ ಜಾಗವನ್ನು ಉಳಿದವು ತುಂಬಿಕೊಳ್ಳುತ್ತವೆ. (ಆ ಪರೀಕ್ಷೆಯಲ್ಲಿ ಗಂಡೋ ಹೆಣ್ಣೋ ಅನ್ನೋದೂ ಕಾಣುತ್ತದೆ, ಹೇಳುವುದು ನಮ್ಮ ದೇಶದಲ್ಲಿ ಅಪರಾಧ. ಕೇಳುವುದೂ.)

ಆರನೇ ದಿನದ ಹೊತ್ತಿಗೆ ಕವಚ ಒಡೆದು ಭ್ರೂಣ ಹೊರಬರುತ್ತದೆ, ಗರ್ಭಕೋಶದ ಗೋಡೆಗೆ ಅಂಟುತ್ತದೆ. ಅಂಟಿದ ಮೇಲೆ ಹೊರಪದರದ ಕೋಶಗಳು ಎಚ್‌ಸಿಜಿ ಅನ್ನೋ ಹಾರ್ಮೋನ್ ಕಳಿಸುತ್ತವೆ. ಅಮ್ಮನ ಅಂಡಾಶಯಕ್ಕೆ ಅದೊಂದು ಸಂದೇಶ: ನಾನು ಬಂದಿದ್ದೇನೆ, ಈ ತಿಂಗಳು ಮುಟ್ಟು ಬೇಡ. ಮೆಡಿಕಲ್ ಶಾಪಿನಿಂದ ತಂದ ಕಿಟ್ಟಿನಲ್ಲಿ ಮೂಡುವ ಎರಡನೇ ಗೆರೆ ಇದೇ ಹಾರ್ಮೋನಿನದು. ಅಂದ್ರೆ ಸ್ಟೇಟಸ್‌ನಲ್ಲಿ ಹಾಕಿಕೊಳ್ಳುವ ಆ ಗೆರೆ ಮಗು ಕಳಿಸಿದ್ದಲ್ಲ, ಮಾಸು ಕಳಿಸಿದ್ದು.

ಎರಡನೇ ವಾರ ಮುಗಿದು ಮೂರನೆಯದು ಶುರುವಾಗುವಾಗ ಚಪ್ಪಟೆ ತಟ್ಟೆಯಂತಿದ್ದ ಒಳಗಿನ ಕೋಶಗಳ ನಡುವೆ ಒಂದು ಗೀರು ಮೂಡುತ್ತದೆ. ಕೋಶಗಳು ಆ ಗೀರಿನ ಮೂಲಕ ಒಳಗಿಳಿದು ಮೂರು ಪದರವಾಗುತ್ತವೆ. ಮೇಲಿನದರಿಂದ ಚರ್ಮ, ಮೆದುಳು, ನರ. ನಡುವಿನದರಿಂದ ಮೂಳೆ, ಸ್ನಾಯು, ಹೃದಯ, ರಕ್ತ. ಕೆಳಗಿನದರಿಂದ ಕರುಳು, ಶ್ವಾಸಕೋಶದ ಒಳಪದರ. ತಲೆ ಯಾವ ಕಡೆ, ಕಾಲು ಯಾವ ಕಡೆ ಅಂತ ಕಣ್ಣಿಗೆ ಕಾಣುವಂತಾಗುವುದೂ ಆಗಲೇ. ಹುಟ್ಟು, ಮದುವೆ, ಸಾವಿಗಿಂತ ಬದುಕಿನ ದೊಡ್ಡ ಗಳಿಗೆ ಇದೇ ಅಂತ ಬ್ರಿಟಿಷ್ ವಿಜ್ಞಾನಿ ಲೂಯಿಸ್ ವೋಲ್ಪರ್ಟ್ ಹೇಳುತ್ತಿದ್ದರು. ಮನುಷ್ಯರಲ್ಲಿ ಇದನ್ನು ನೋಡಲಾಗುವುದಿಲ್ಲ. ಲ್ಯಾಬಿನಲ್ಲಿ ಭ್ರೂಣವನ್ನು 14 ದಿನಕ್ಕಿಂತ ಮುಂದೆ ಬೆಳೆಸಬಾರದು ಅನ್ನೋ ನಿಯಮವನ್ನು ಈ ಗೀರಿಗೇ ಹೊಂದಿಸಿ ಇಟ್ಟಿದ್ದಾರೆ. ಆದರೆ ಕೋಳಿಮೊಟ್ಟೆಯಲ್ಲಿ ನೋಡಬಹುದು. ಕಾವಿಗಿಟ್ಟು ಸುಮಾರು 18 ಗಂಟೆಗೆ ಗೀರು ಪೂರ್ತಿ ಉದ್ದವಾಗಿರುತ್ತದೆ. ಮೂರನೇ ದಿನ ಮೊಟ್ಟೆ ಒಡೆದರೆ ಬಡಿಯುವ ಕೆಂಪು ಚುಕ್ಕೆ, ಅದೇ ಹೃದಯ. ಎರಡು ಸಾವಿರದ ಮುನ್ನೂರು ವರ್ಷದ ಹಿಂದೆ ಅರಿಸ್ಟಾಟಲ್ ನೋಡಿ ಬರೆದಿಟ್ಟಿದ್ದೂ ಅದನ್ನೇ.

ಇನ್ನೊಂದು ವಾರ ಕಳೆದರೆ ನಿಮಗೆ ನೇರವಾಗಿ ಉಪಯೋಗಕ್ಕೆ ಬರುವ ಭಾಗ. ಮೇಲಿನ ಪದರದ ನಡುಭಾಗ ಮಡಚಿ, ಎರಡು ಅಂಚು ಸೇರಿ, ಕೊಳವೆಯಾಗುತ್ತದೆ. ಒಬ್ಬಟ್ಟಿನ ಕಣಕವನ್ನು ಹೂರಣದ ಮೇಲೆ ಎಳೆದು ಮುಚ್ಚುತ್ತೇವಲ್ಲ, ಹಾಗೆ. ಇದೇ ಮುಂದೆ ಮೆದುಳು ಮತ್ತು ಬೆನ್ನುಹುರಿ. 28ನೇ ದಿನದೊಳಗೆ ಎರಡು ತುದಿಯೂ ಮುಚ್ಚಿಕೊಳ್ಳಬೇಕು. ಬೆನ್ನಿನ ಕಡೆ ಮುಚ್ಚದೆ ಉಳಿದರೆ ಸ್ಪೈನಾ ಬೈಫಿಡಾ, ತಲೆಯ ಕಡೆ ಉಳಿದರೆ ಮಗು ಬದುಕುವುದಿಲ್ಲ. ಹಿಂದೆ ಇಂಥ ತೊಂದರೆಯ ಗರ್ಭ ಹೊತ್ತಿದ್ದ ಮಹಿಳೆಯರಿಗೆ ಗರ್ಭ ನಿಲ್ಲುವ ಮೊದಲೇ ಫೋಲಿಕ್ ಆಸಿಡ್ ಕೊಟ್ಟು ನೋಡಿದ ಬ್ರಿಟನ್ನಿನ ಪ್ರಯೋಗ 1991ರಲ್ಲಿ ಪ್ರಕಟವಾಯಿತು. ತೊಂದರೆ ಮರುಕಳಿಸುವುದು ಶೇ. 72ರಷ್ಟು ಕಡಿಮೆಯಾಗಿತ್ತು.

ಈಗ ಕ್ಯಾಲೆಂಡರ್ ನೋಡಿ. ಡಾಕ್ಟರು ವಾರ ಎಣಿಸುವುದು ಕೊನೆಯ ಮುಟ್ಟಿನಿಂದ. ಭ್ರೂಣದ ನಿಜವಾದ ವಯಸ್ಸು ಅದಕ್ಕಿಂತ ಎರಡು ವಾರ ಕಡಿಮೆ. ಕೊಳವೆ ಮುಚ್ಚುವ 28ನೇ ದಿನ ಅಂದ್ರೆ ಅವರ ಲೆಕ್ಕದಲ್ಲಿ ಆರನೇ ವಾರ. ಮುಟ್ಟು ತಪ್ಪಿ, ಒಂದು ವಾರ ಕಾದು, ಕಿಟ್ ತಂದು, ಎರಡು ಗೆರೆ ನೋಡಿ, ಅಪಾಯಿಂಟ್‌ಮೆಂಟ್ ತಗೊಂಡು, ಡಾಕ್ಟರ ಮುಂದೆ ಕೂರುವಷ್ಟರಲ್ಲಿ ಕೊಳವೆ ಮುಚ್ಚಿ ಆಗಿರುತ್ತದೆ, ಇಲ್ಲವೇ ಆಗಿರುವುದಿಲ್ಲ. ಅದಕ್ಕೇ ಮಗು ಬೇಕು ಅಂತ ನಿರ್ಧಾರ ಮಾಡಿದ ತಿಂಗಳಿಂದಲೇ, ಗೆರೆ ಕಾಣುವ ಮುಂಚೆಯೇ, ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಶುರು ಮಾಡಿ ಅನ್ನುತ್ತಾರೆ. ಹಿಂದೆ ತೊಂದರೆ ಆಗಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಅಥವಾ ಫಿಟ್ಸ್ ಮಾತ್ರೆ ತಗೊಳ್ಳುತ್ತಿದ್ದರೆ ಪ್ರಮಾಣ ಬೇರೆ, ಅದನ್ನು ಡಾಕ್ಟರ್ ಹತ್ತಿರವೇ ಕೇಳಿ. ನನ್ನ ಹೆಂಡತಿಯ ಮಾತ್ರೆಯ ಪಟ್ಟಿ ಈಗಲೂ ಫ್ರಿಜ್ ಮೇಲೆ ಉಪ್ಪಿನಕಾಯಿ ಜಾಡಿಯ ಪಕ್ಕ ಇದೆ. ಎರಡರಲ್ಲಿ ಒಂದು ಭ್ರೂಣ ಅಂಟಲಿಲ್ಲ. ಇನ್ನೊಂದನ್ನು ಮುಂದಿನ ತಿಂಗಳು ಸೇರಿಸುತ್ತಾರೆ.